ಏಳು ಸೂಲಿನ ಹಂದಿ ನೋಡಲು ನೆಡುಮಂಗಾಡಿಗೆ

ಶನಿವಾರ ಬೆಳಿಗ್ಗೆ ಆರೂವರೆಗೆ ಎಡಪ್ಪಳ್ಳಿಯ ನಮ್ಮ ಫ್ಲ್ಯಾಟಿನಿಂದ ಹೊರಟೆ. ಕೈಯಲ್ಲಿ ಒಂದು ಬ್ಯಾಗು, ಒಂದು ಕೊಡೆ, ನಾಲ್ಕು ಚಪಾತಿಯ ಡಬ್ಬಿ. ಹಿಂದಿನ ಸಂಜೆ ಗುಡುಗು ಮಿಂಚಿನೊಡನೆ ಸುರಿದ ಮಳೆ ನಿಂತಿತ್ತು, ಆದರೆ ನೆಲ ಇನ್ನೂ ಹಸಿಯಾಗಿತ್ತು. ನನ್ನ ಹೆಂಡತಿ ಸುನೀತಾ ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಲಿಫ್ಟಿನ ತನಕ ಬಂದು ಒಂದು ಮಾತು ಹೇಳದೆ ಕಳಿಸುವವಳಲ್ಲ.

"ಜನ ತಿರುವನಂತಪುರಕ್ಕೆ ಪದ್ಮನಾಭನ್ನ ನೋಡೋಕೆ ಹೋಗ್ತಾರೆ. ನೀವು ಹಂದಿ ನೋಡೋಕೆ ಹೋಗ್ತಿದೀರಿ. ಅಮ್ಮ ಫೋನ್ ಮಾಡಿದ್ರೆ ಏನಂತ ಹೇಳ್ಲಿ?" ಎಂದಳು.

"ಹಂದಿ ನೋಡೋಕೆ ಅಂತ್ಲೇ ಹೇಳು" ಎಂದೆ.

"ಸರಿ ಹೋಗಿ. ರಾತ್ರಿ ಊಟಕ್ಕೆ ಬಂದುಬಿಡಿ."

ನಗುತ್ತಲೇ ಹೇಳಿದಳು, ಆದರೆ ಈ ಪ್ರಯಾಣ ತಮಾಷೆಯದಲ್ಲ ಎಂದು ಅವಳಿಗೂ ಗೊತ್ತಿತ್ತು. ಹುಣಸೂರಿನ ಹತ್ತಿರ ನಾನು ಹನ್ನೊಂದು ವರ್ಷ ಹಂದಿ ಸಾಕಿದವನು. ನಲವತ್ತು ತಾಯಿ ಹಂದಿ, ಅವುಗಳ ಮರಿಗಳು, ಮೂರು ಗಂಡು. ಮೂರು ವರ್ಷದ ಹಿಂದೆ ಆಫ್ರಿಕನ್ ಹಂದಿ ಜ್ವರ ಬಂತು. ಅದಕ್ಕೆ ಮದ್ದಿಲ್ಲ; ಒಂದಕ್ಕೆ ಬಂದರೆ ಹಿಂಡನ್ನೇ ಕೊಂದು ಹೂಳಬೇಕೆಂಬುದು ನಿಯಮ. ಒಂದೇ ಮಧ್ಯಾಹ್ನದಲ್ಲಿ ಎಲ್ಲವೂ ಮುಗಿಯಿತು. ಜೆಸಿಬಿ ತೋಡಿದ ಗುಂಡಿ, ಸುಣ್ಣದ ಚೀಲಗಳು, ಅಷ್ಟೇ. ಆಮೇಲೆ ಶೆಡ್ಡಿನ ಮುಂದೆ ಕುಳಿತಿರಲಾಗದೆ, ಹೆಂಡತಿಗೆ ವರ್ಗವಾದ ಕೊಚ್ಚಿಗೆ ನಾನೂ ಬಂದೆ. ಈಗ ತರಕಾರಿ ತರುತ್ತೇನೆ, ಮಗಳನ್ನು ಟ್ಯೂಷನ್ನಿಗೆ ಬಿಡುತ್ತೇನೆ. ನಾನು ಕನ್ನಡದಲ್ಲಿ ಬೈದರೆ ಅವಳು ಮಲಯಾಳಂನಲ್ಲಿ ಉತ್ತರ ಕೊಡುತ್ತಾಳೆ.

ಹಂದಿ ಹೋದರೂ ಹಂದಿ ಸಾಕುವವರ ವಾಟ್ಸಾಪ್ ಗುಂಪನ್ನು ನಾನು ಬಿಟ್ಟಿರಲಿಲ್ಲ. ಮೇವಿನ ಚೀಲಕ್ಕೆ ಇವತ್ತೆಷ್ಟು, ಜೀವತೂಕಕ್ಕೆ ಕೊಚ್ಚಿಯಲ್ಲಿ ಯಾವ ದರ ಎಂದು ದಿನಾ ಓದುತ್ತಿದ್ದೆ. ಕುದುರೆ ಸತ್ತ ಮೇಲೆ ಲಾಳ ಉಜ್ಜುವ ಕೆಲಸ ಎಂದು ಸುನೀತಾ ಹೇಳುತ್ತಿದ್ದಳು. ಗುರುವಾರ ಆ ಗುಂಪಿನಲ್ಲಿ ತಿರುವನಂತಪುರದ ಕಡೆಯ ಒಬ್ಬ ಹೆಂಗಸು ಆರು ತಾಯಿ ಹಂದಿಗಳ ಚಿತ್ರ ಹಾಕಿದ್ದರು. ವಯಸ್ಸಾಗಿ ಮರಿ ಕಡಿಮೆಯಾದವು, ಸೋಮವಾರ ಮಾಂಸದ ಲಾರಿಗೆ ಹೋಗುವವು. ನಾಲ್ಕನೆಯದರ ಕಿವಿ ನೋಡಿ ನನ್ನ ಕೈಯ ಚಹಾ ಆರಿಹೋಯಿತು.

ಹಂದಿ ಮರಿ ಹುಟ್ಟಿದ ದಿನವೇ ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ತೆಗೆಯುತ್ತೇವೆ. ಬಲಗಿವಿಯ ಕಚ್ಚು ಯಾವ ಸೂಲಿನದೆಂದು ಹೇಳುತ್ತದೆ, ಎಡಗಿವಿಯದು ಎಷ್ಟನೆಯ ಮರಿ ಎಂದು. ನನ್ನ ಇಕ್ಕಳದ ಒಂದು ಹಲ್ಲು ಮುರಿದಿತ್ತು, ಹಾಗಾಗಿ ನನ್ನ ಪ್ರತಿ ಕಚ್ಚಿನ ನಡುವೆ ಒಂದು ಮೊಳಕೆಯಷ್ಟು ಚರ್ಮ ಉಳಿಯುತ್ತಿತ್ತು. ಹೊಸ ಇಕ್ಕಳ ತರಬೇಕೆಂದು ಹನ್ನೊಂದು ವರ್ಷ ಅಂದುಕೊಂಡೆ, ತರಲಿಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿದೆ, ಮೊಳಕೆ ಇತ್ತು. ಜ್ವರ ಬರುವ ಎಂಟು ತಿಂಗಳ ಮುಂಚೆ ಆರು ಹೆಣ್ಣು ಮರಿಗಳನ್ನು ಕೇರಳದ ವ್ಯಾಪಾರಿಗೆ ಮಾರಿದ್ದೆ. ಅವುಗಳಲ್ಲಿ ಒಂದು ಇದು. ನನ್ನ ಹಿಂಡಿನಲ್ಲಿ ಇನ್ನೂ ಉಸಿರಾಡುತ್ತಿರುವ ಹಂದಿ ಎಂದು ನನಗೆ ಗೊತ್ತಿರುವುದು ಇದೊಂದೇ.

ಫೋನು ಮಾಡಿದೆ. ಆಕೆಯ ಹೆಸರು ಆನಿ. "ಸೋಮವಾರ ಲಾರಿ ಬರ್ತದೆ ಸಾರೇ. ನೋಡ್ಬೇಕು ಅಂದ್ರೆ ಶನಿವಾರ ಬನ್ನಿ, ಭಾನುವಾರ ಫಾರ್ಮಿಗೆ ಯಾರನ್ನೂ ಬಿಡುವುದಿಲ್ಲ" ಎಂದರು. ಕನ್ನಡ ಕೇಳಿ ಬೆರಗಾದೆ. ಮೈಸೂರಿನಲ್ಲಿ ನಾಲ್ಕು ವರ್ಷ ನರ್ಸಿಂಗ್ ಓದಿದವರಂತೆ.

ಎಡಪ್ಪಳ್ಳಿಯಿಂದ ಎರ್ನಾಕುಲಂ ದಕ್ಷಿಣ ರೈಲು ನಿಲ್ದಾಣಕ್ಕೆ ಮೆಟ್ರೊದಲ್ಲಿ ಹೋಗುವುದೆಂದು ಹೊರಟಿದ್ದೆ. ಜಂಕ್ಷನ್ನಿನ ಹತ್ತಿರ ಒಂದು ಹೋಟೆಲಿನ ಹಿಂಬದಿಯಲ್ಲಿ ಪಿಕಪ್ ವ್ಯಾನು ನಿಂತಿತ್ತು. ಹಿಂದೆ ಎಂಟು ನೀಲಿ ಡ್ರಮ್ಮು. ನಿನ್ನೆಯ ಅನ್ನ, ಸಾಂಬಾರು, ಪೊರೋಟದ ಚೂರು, ಮೀನಿನ ಮುಳ್ಳು ಎಲ್ಲ ಸೇರಿದ ಮುಸುರೆ. ಆ ವಾಸನೆ ಮೂಗಿಗೆ ಹೊಡೆಯಿತು. ಬೇರೆಯವರು ಕರವಸ್ತ್ರ ಹಿಡಿದು ದಾಟುತ್ತಿದ್ದರು, ನಾನು ನಿಂತುಬಿಟ್ಟೆ. ಮೂರು ವರ್ಷದಿಂದ ನೆಲ ಒರೆಸುವ ಫಿನಾಯಿಲಿನ ವಾಸನೆಯಲ್ಲೇ ಬದುಕಿದ್ದೇನೆ. ಇದು ಹಂದಿಗೆ ಹೋಗುವ ಮುಸುರೆ ಎಂದು ನೋಡಿದ ಕೂಡಲೇ ತಿಳಿಯಿತು.

ವ್ಯಾನಿನವನ ಹೆಸರು ಬಾಬು. ತರಕಾರಿ ಅಂಗಡಿಯಲ್ಲಿ ಕಲಿತ ನನ್ನ ಮಲಯಾಳಂನಲ್ಲಿ ಮಾತಿಗೆಳೆದೆ. ಹೋಟೆಲಿನವರೇ ಕಾಸು ಕೊಟ್ಟು ಸಾಗಹಾಕುತ್ತಾರೆ, ಮೂವತ್ತು ಹಂದಿಗೆ ಇದೇ ಊಟ, ಕುದಿಸಿಯೇ ಹಾಕುವುದು ಎಂದ.

"ನೂರು ಕಿಲೋ ಬರೋಕೆ ಎಷ್ಟು ತಿಂಗಳು?" ಎಂದು ಕೇಳಿದೆ.

"ಒಂಬತ್ತು ಆಗ್ತದೆ ಚೇಟಾ. ಮಿಲ್ಲಿನ ಮೇವು ಹಾಕಿದ್ರೆ ಆರರಲ್ಲಿ ಬರ್ತದೆ, ಆದ್ರೆ ಆ ಮೇವಿಗೆ ನನ್ನ ಕಿಡ್ನಿ ಮಾರ್ಬೇಕು" ಎಂದು ನಕ್ಕ.

ಹಂದಿ ಸಾಕುವ ಖರ್ಚಿನಲ್ಲಿ ಮುಕ್ಕಾಲು ಪಾಲು ಮೇವಿಗೇ ಹೋಗುವುದು ನನಗೂ ಗೊತ್ತು. ಮಾತು ಮಾತಿನಲ್ಲಿ ಅವನು ದಕ್ಷಿಣ ನಿಲ್ದಾಣದ ಮೇಲೆಯೇ ಹೋಗುವವನೆಂದು ತಿಳಿಯಿತು. ಬಾ ಎಂದ, ಹತ್ತಿ ಕುಳಿತೆ. ಸೀಟಿನ ಕೆಳಗೆ ಅವನ ಫಾರ್ಮಿನ ಗಂಬೂಟುಗಳಿದ್ದವು. ದಾರಿಯುದ್ದಕ್ಕೂ ಎಷ್ಟು ಮರಿ, ಯಾವ ತಳಿ, ಬೇಸಿಗೆಯಲ್ಲಿ ಏನು ಮಾಡುತ್ತೀಯ ಎಂದು ಕೇಳುತ್ತಲೇ ಇದ್ದೆ. ಎಷ್ಟೋ ದಿನದ ಮೇಲೆ ನನ್ನ ಭಾಷೆಯವನು ಸಿಕ್ಕಿದಂತಾಗಿತ್ತು. ಇಳಿಯುವಾಗ ಚಹಾಕ್ಕೆಂದು ದುಡ್ಡು ಕೊಡಲು ಹೋದರೆ ಬಾಬು ತೆಗೆದುಕೊಳ್ಳಲಿಲ್ಲ.

ಎಂಟೂವರೆಯ ರೈಲು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ಜನರಲ್ ಟಿಕೆಟ್ಟು ನೂರು ರೂಪಾಯಿಯೊಳಗೆ, ದೂರ ಇನ್ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಆಲಪ್ಪುಳದ ತನಕ ನಿಂತೇ ಹೋದೆ, ಆಮೇಲೆ ಕಿಟಕಿ ಸಿಕ್ಕಿತು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ತೆಂಗಿನ ಸಂದಿಯಲ್ಲಿ ಆಗಾಗ ಕಡಲು. ಕಾಯಂಕುಳದಲ್ಲಿ ಪಳಂಪೊರಿ ಮಾರುವವನು ಹತ್ತಿದ. ಬಾಳೆಹಣ್ಣಿನ ಬಜ್ಜಿ ಅದು, ಎರಡು ತಿಂದು ಚಪಾತಿಯನ್ನು ಹಾಗೇ ಇಟ್ಟೆ. ಪಕ್ಕದವರು ಎಲ್ಲಿಗೆ ಎಂದು ಕೇಳಿದರು. ನೆಂಟರೊಬ್ಬರನ್ನು ನೋಡಲು ಎಂದುಬಿಟ್ಟೆ. ಎಷ್ಟು ದಿನವಾಯಿತು ನೋಡಿ ಎಂದು ಕೇಳಿದಾಗ ನಾಲ್ಕು ವರ್ಷ ಎಂದೆ. ಪಾಪ ಎಂದರು.

ಹಂದಿಗೆ ಹೆಸರಿಡಬಾರದು, ಅದು ನಮ್ಮ ಕಸುಬಿನ ಮೊದಲ ಪಾಠ. ನಾನು ಇಟ್ಟವನೂ ಅಲ್ಲ. ಸಾವಿರಾರು ಹಂದಿಗಳನ್ನು ಲಾರಿಗೆ ಹತ್ತಿಸಿ ಆ ಸಂಜೆಯೇ ನೆಮ್ಮದಿಯಾಗಿ ಉಂಡವನು. ಆದರೂ ಆ ರೈಲಿನಲ್ಲಿ ಕುಳಿತು ನನಗೆ ಬೇಕಾಗಿದ್ದುದು ಒಂದೇ. ಆ ಹಂದಿಯ ಬೆನ್ನಿನ ಮೇಲೆ ಒಮ್ಮೆ ಕೈಯಿಡಬೇಕು. ಬೆಳಿಗ್ಗೆ ಐದಕ್ಕೆ ಮೇವಿನ ಬಕೆಟ್ಟಿನ ಸದ್ದಿಗೆ ನಲವತ್ತು ಹಂದಿ ಒಟ್ಟಿಗೆ ಕೂಗುವುದಿತ್ತಲ್ಲ, ಆ ಕೂಗು ಇಲ್ಲದೆ ನನಗೆ ಇವತ್ತಿಗೂ ಬೆಳಗಾದಂತೆ ಅನಿಸುವುದಿಲ್ಲ.

ತಿರುವನಂತಪುರ ಸೆಂಟ್ರಲ್ ತಲುಪಿದಾಗ ಒಂದೂಮುಕ್ಕಾಲು. ಎದುರಿಗೇ ತಂಬಾನೂರು ಬಸ್ ನಿಲ್ದಾಣ. ನೆಡುಮಂಗಾಡಿಗೆ ಹದಿನೆಂಟು ಕಿಲೋಮೀಟರು, ಸರ್ಕಾರಿ ಬಸ್ಸಿನಲ್ಲಿ ಒಂದು ಗಂಟೆ ಹಿಡಿಯಿತು. ಅಲ್ಲಿಂದ ಫಾರ್ಮಿಗೆ ಆಟೋದವನು ಇನ್ನೂರು ಅಂದ, ನೂರೈವತ್ತಕ್ಕೆ ಒಪ್ಪಿದ. "ಪನ್ನಿ ಫಾರ್ಮಿಗಾ?" ಎಂದು ಮೂಗು ಮುರಿದ, ನನ್ನನ್ನು ಕೆಳಗಿನಿಂದ ಮೇಲೆ ನೋಡಿದ. ಹಂದಿಯವರನ್ನು ಜನ ಹೀಗೆ ನೋಡುವುದು ಎರಡು ರಾಜ್ಯದಲ್ಲೂ ಒಂದೇ.

ರಬ್ಬರ್ ತೋಟದ ನಡುವೆ ಏರುದಾರಿ, ಕೊನೆಗೆ ತಂತಿಬೇಲಿ, ಗೇಟು. ಗೇಟಿನಾಚೆ ಎಂಬತ್ತು ಹೆಜ್ಜೆ ದೂರದಲ್ಲಿ ಮೂರು ಉದ್ದನೆಯ ಶೆಡ್ಡು. ಒಳಗಿನಿಂದ ಹಂದಿಗಳ ಗೊರಗೊರ ಕೇಳಿಸಿತು. ಕಣ್ಣು ಮುಚ್ಚಿ ನಿಂತೆ. ಆನಿ ಬಂದರು, ನಲವತ್ತೈದರ ಆಸುಪಾಸು, ಮೊಣಕಾಲ ತನಕ ಗಂಬೂಟು. ಗೇಟಿನ ಬದಿಯ ಸಣ್ಣ ಕೋಣೆಯಲ್ಲಿ ಕೂರಿಸಿ ನಿಂಬೆ ಶರಬತ್ತು ಕೊಟ್ಟರು.

"ನಿಮ್ಮ ಕಿವಿಯ ಕಚ್ಚಿಗೆ ನಾವೆಲ್ಲ ನಗ್ತಿದ್ವಿ ಸಾರೇ" ಎಂದರು. "ಇಲಿ ಕಚ್ಚಿದ್ದಾ ಅಂತ ನಮ್ಮ ಡಾಕ್ಟ್ರು ಕೇಳಿದ್ರು."

ಆಮೇಲೆ ಒಂದು ದಪ್ಪ ಪುಸ್ತಕ ಮುಂದಿಟ್ಟರು. ಒಳಗೆ ಹೋಗುವವರೆಲ್ಲ ಬರೆದು ಸಹಿ ಹಾಕಬೇಕಾದ ಪುಸ್ತಕ. ಹೆಸರು, ಊರು, ಸಮಯ. ಕಡೆಯ ಸಾಲನ್ನು ಅವರೇ ಓದಿ ಹೇಳಿದರು: "ಮೂರು ದಿನದಲ್ಲಿ ಬೇರೆ ಹಂದಿ ಫಾರ್ಮು, ಹಂದಿ ಮಾಂಸದ ಅಂಗಡಿ, ಹಂದಿಯ ಗಾಡಿ, ಇದಕ್ಕೆ ಎಲ್ಲಾದ್ರೂ ಹೋಗಿದ್ರಾ? ನಿಮ್ಗೆ ಎಲ್ಲಿಯ ಹಂದಿ ಈಗ. ಇಲ್ಲ ಅಂತ ಬರೀರಿ."

ಪೆನ್ನು ಹಿಡಿದೆ. ಆಗ ನೆನಪಾಯಿತು, ಬಾಬುವಿನ ವ್ಯಾನು. ದಿನಾ ಹಂದಿ ಫಾರ್ಮಿಗೆ ಹೋಗಿಬರುವ ವ್ಯಾನಿನಲ್ಲಿ, ಅವನ ಗಂಬೂಟಿನ ಪಕ್ಕದಲ್ಲೇ ಕಾಲಿಟ್ಟು ಅರ್ಧ ಗಂಟೆ ಕುಳಿತಿದ್ದೆ. ಅದೇ ಚಪ್ಪಲಿ ಈಗಲೂ ಕಾಲಲ್ಲಿತ್ತು. ಹನ್ನೊಂದು ವರ್ಷದ ಕಸುಬು ಒಂದು ವಾಸನೆಗೆ ಮರೆತೇಹೋಗಿತ್ತು.

ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಂಬತ್ತು ಹೆಜ್ಜೆ, ಹತ್ತು ನಿಮಿಷ. ಬಾಬುವಿನ ಹಂದಿಗಳಿಗೆ ರೋಗವಿದೆ ಎಂದು ಯಾರು ಹೇಳಿದರು? ಹೀಗೆಲ್ಲ ನನ್ನೊಳಗೇ ವಾದಿಸಿದೆ. ಆದರೆ ನನ್ನ ಹಿಂಡಿಗೆ ಜ್ವರ ಹೇಗೆ ಬಂತೆಂದು ನನಗೆ ಗೊತ್ತು, ಹೆಂಡತಿಯನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಹಳೆಯ ಪರಿಚಯದ ವ್ಯಾಪಾರಿಯೊಬ್ಬ ಬೇರೆ ಫಾರ್ಮುಗಳನ್ನು ಸುತ್ತಿ ಬಂದಿದ್ದ. ಬೂಟು ಬದಲಿಸು ಎನ್ನಲು ಸಂಕೋಚವಾಯಿತು. ಇವತ್ತೊಂದು ದಿನ ಏನಾಗುತ್ತೆ ಎಂದು ಒಳಗೆ ಬಿಟ್ಟೆ. ಹನ್ನೆರಡನೆಯ ದಿನಕ್ಕೆ ಮೊದಲ ಹಂದಿ ಮೇವು ಬಿಟ್ಟಿತು.

"ಚೇಚಿ, ಬೆಳಿಗ್ಗೆ ಮುಸುರೆ ವ್ಯಾನಲ್ಲಿ ಕೂತಿದ್ದೆ" ಎಂದೆ.

ಆನಿ ನನ್ನ ಮುಖ ನೋಡಿದರು. "ಹಂದಿಗೆ ಹೋಗುವ ವ್ಯಾನಾ?"

"ಹೌದು. ಸ್ಟೇಷನ್ ತನಕ."

"ಯಾಕೆ ಸಾರೇ, ಬಸ್ ಇರ್ಲಿಲ್ವಾ?"

ಮೆಟ್ರೊ ಇತ್ತು ಎಂದೆ. ಮುಸುರೆಯ ವಾಸನೆಗೆ ಮನಸೋತೆ ಎಂದು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಅವರು ನಗಲಿಲ್ಲ. ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

"ತಪ್ಪು ತಿಳ್ಕೋಬೇಡಿ. ಅರವತ್ತು ತಾಯಿ ಇದಾವೆ ಒಳಗೆ. ಬಿಡೋಕೆ ಆಗುದಿಲ್ಲ."

"ಬಿಟ್ಟಿದ್ರೆ ನಾನೇ ಬೈತಿದ್ದೆ" ಎಂದೆ. ನಿಜವನ್ನೇ ಹೇಳಿದೆ.

ಬರಿಗೈಯಲ್ಲಿ ಕಳಿಸಲು ಅವರಿಗೂ ಮನಸ್ಸಾಗಲಿಲ್ಲವೇನೋ, ಆ ಹಂದಿಯ ಕಾರ್ಡು ತಂದು ತೋರಿಸಿದರು. ಅವರಲ್ಲಿ ಅದರ ಸಂಖ್ಯೆ ಮೂವತ್ತೆಂಟು. ಸೂಲಿಗೊಂದು ಸಾಲು. ಜೀವಂತ ಹುಟ್ಟಿದ ಮರಿಗಳು ಒಂಬತ್ತು, ಹನ್ನೊಂದು, ಹನ್ನೆರಡು, ಮತ್ತೆ ಹನ್ನೆರಡು, ಹನ್ನೊಂದು, ಒಂಬತ್ತು. ಕಡೆಯದರಲ್ಲಿ ಆರು, ಎರಡು ತಾಯಿಯ ಮೈಕೆಳಗೆ ಸಿಕ್ಕಿ ಸತ್ತು ನಾಲ್ಕು ಉಳಿದಿದ್ದವು. ಆ ಎರಡು ಹನ್ನೆರಡುಗಳ ಮೇಲೆ ಬೆರಳಿಟ್ಟು ಕುಳಿತೆ. ಮಗಳ ಅಂಕಪಟ್ಟಿ ನೋಡಿಯೂ ನಾನು ಅಷ್ಟು ಉಬ್ಬಿದವನಲ್ಲ. ನಮ್ಮ ಹಿಂಡಿನ ತಾಯಿ ಹಂದಿಗಳು ಹಾಲಿಗೆ ಹೆಸರಾಗಿದ್ದವು ಎಂದು ಹೇಳಿದೆ. ಹೌದು, ಇದರ ಮರಿಗಳು ಇಪ್ಪತ್ತೆಂಟು ದಿನಕ್ಕೇ ಎಂಟು ಕಿಲೋ ತೂಗುತ್ತಿದ್ದವು ಎಂದರು ಆನಿ.

ಆಮೇಲೆ ಅವರು ಕೇಳಿದರು: "ಸಾರೇ, ಕಸುಬು ಬಲ್ಲವರು ನೀವು. ನಾನು ಎರಡು ದಿನದಿಂದ ಯೋಚನೆ ಮಾಡ್ತಿದ್ದೆ. ನಿಮ್ಮ ಫಾರ್ಮ್ ಆಗಿದ್ರೆ ಇದನ್ನ ಇಟ್ಕೊಳ್ತಿದ್ರಾ? ನೀವು ಇಡು ಅಂದ್ರೆ ಇನ್ನೊಂದು ಸೂಲು ನೋಡ್ತೇನೆ."

ಆಕೆ ಮಾತಿಗೆ ಹೇಳಿದ್ದಲ್ಲ. ನಾನು ಹೂಂ ಎಂದಿದ್ದರೆ ಆ ಹಂದಿ ಉಳಿಯುತ್ತಿತ್ತು. ಮೂರು ದಿನ ಕಳೆದು ಬಂದು ನೋಡಬಹುದಿತ್ತು, ತಿಂಗಳಿಗೊಮ್ಮೆ ಬರಬಹುದಿತ್ತು. ಆದರೆ ಕಾರ್ಡು ಕೈಯಲ್ಲಿತ್ತು. ಗಬ್ಬದ ತಾಯಿಗೆ ದಿನಕ್ಕೆ ಎರಡೂವರೆ ಕಿಲೋ ಮೇವು, ಮೂರು ತಿಂಗಳು ಮೂರು ವಾರ ಮೂರು ದಿನ. ಮರಿಗೆ ಹಾಲು ಕೊಡುವಾಗ ಆರು ಕಿಲೋ. ಅಷ್ಟು ತಿಂದು ನಾಲ್ಕು ಮರಿ ಕೊಟ್ಟರೆ ಒಂದೊಂದು ಮರಿಯ ತಲೆಯ ಮೇಲೂ ಎರಡರಷ್ಟು ಖರ್ಚು ಕೂರುತ್ತದೆ. ವರ್ಷಕ್ಕೆ ಒಂದು ತಾಯಿಯಿಂದ ಇಪ್ಪತ್ತು ಮರಿಯಾದರೂ ಬಾರದಿದ್ದರೆ ಮಿಲ್ಲಿನ ಮೇವಿನ ಫಾರ್ಮು ನಡೆಯುವುದಿಲ್ಲ. ಎಂಟನೆಯ ಸೂಲಿನಲ್ಲಿ ಸುಧಾರಿಸಿದ ಹಂದಿಯನ್ನು ನಾನು ಕಂಡಿಲ್ಲ.

"ಕಳಿಸಿಬಿಡಿ ಚೇಚಿ" ಎಂದೆ.

ಆನಿ ತಲೆಯಾಡಿಸಿದರು. "ಸೋಮವಾರ ಲಾರಿ ಬೇಲಿಯ ಹೊರಗೇ ನಿಲ್ತದೆ. ಹೊರಗೆ ನಿಂತವರಿಗೆ ನಮ್ಮ ಪುಸ್ತಕ ಇಲ್ಲ. ಬೆಳಿಗ್ಗೆ ಏಳಕ್ಕೆ" ಎಂದರು.

ಆ ದಿನವೇ ಹಿಂದಿರುಗಬೇಕಿದ್ದವನು ತಂಬಾನೂರಿನ ಒಂದು ಲಾಡ್ಜಿನಲ್ಲಿ ಉಳಿದೆ. ದಿನಕ್ಕೆ ಏಳುನೂರು, ಬಿಸಿನೀರು ಬಕೆಟ್ಟಿನಲ್ಲಿ. ಸುನೀತಾಳಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಅವಳು ಎಂದಿನಂತೆ ಕಾಲೆಳೆಯುತ್ತಾಳೆಂದು ಕಾದೆ. "ಎರಡು ದಿನ ಅಲ್ವಾ, ಇದ್ದು ಬನ್ನಿ" ಎಂದಳಷ್ಟೇ. ಭಾನುವಾರ ಹೊಸ ಮುಂಡು, ಅಂಗಿ, ರಬ್ಬರ್ ಚಪ್ಪಲಿ ಕೊಂಡೆ. ಹಳೆಯ ಬಟ್ಟೆಯನ್ನು ಸೋಪಿನಲ್ಲಿ ನೆನೆಸಿ ಒಗೆದೆ. ಪುಟ್ಟು ಕಡಲೆ ತಿಂದು, ಮಧ್ಯಾಹ್ನ ಮೀನಿನ ಸಾರಿನ ಊಟ ಮಾಡಿ ಶಂಖುಮುಖದ ಕಡಲ ತೀರಕ್ಕೆ ಹೋದೆ. ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ನಾಲ್ಕಕ್ಕೆ ಗುಡುಗು ಶುರುವಾಗಿ ಎಲ್ಲರೂ ಓಡಿದರು. ಇಷ್ಟು ಚೆಂದದ ಊರಿನಲ್ಲಿ ನನ್ನ ಮನಸ್ಸು ಮೂರು ಹೊತ್ತೂ ನೆಡುಮಂಗಾಡಿನ ಶೆಡ್ಡಿನಲ್ಲೇ ಇತ್ತು. ಈಗ ಮೇವಿನ ಹೊತ್ತು, ಈಗ ತೊಳೆಯುವ ಹೊತ್ತು ಎಂದು ಗಡಿಯಾರ ನೋಡುತ್ತಿದ್ದೆ.

ಸೋಮವಾರ ಮೊದಲ ಬಸ್ಸು ಹಿಡಿದೆ. ಆರೂಮುಕ್ಕಾಲಿಗೇ ಬೇಲಿಯ ಹೊರಗೆ ಲಾರಿಯ ಪಕ್ಕದಲ್ಲಿದ್ದೆ. ಬೇಲಿಯ ಒಳಗಿನಿಂದ ಲಾರಿಯ ಬಾಗಿಲಿಗೆ ಸಿಮೆಂಟಿನ ಇಳಿಜಾರು ಕಟ್ಟಿದ್ದರು. ಇಬ್ಬರು ಆಳುಗಳು ಹಲಗೆ ಹಿಡಿದು ಹಿಂದಿನಿಂದ ದೂಡುತ್ತ ಒಂದೊಂದನ್ನೇ ತಂದರು. ಮೊದಲ ಐದು ಗಲಾಟೆ ಮಾಡಿ ಹತ್ತಿದವು. ಆರನೆಯದು ನನ್ನದು.

ದಪ್ಪಗಾಗಿತ್ತು. ನಾನು ಕಳಿಸಿದಾಗ ತೊಂಬತ್ತು ಕಿಲೋ ಇದ್ದ ಮರಿ ಈಗ ಇನ್ನೂರರ ಮೇಲಿತ್ತು, ಹಿಂಗಾಲು ಸ್ವಲ್ಪ ಎಳೆಯುತ್ತಿತ್ತು. ಇಳಿಜಾರಿನ ಬುಡಕ್ಕೆ ಬಂದು ನಿಂತುಬಿಟ್ಟಿತು. ಹಲಗೆಯಿಂದ ದೂಡಿದರು, ಅಲುಗಲಿಲ್ಲ. ಆಮೇಲೆ ಕುಳಿತೇಬಿಟ್ಟಿತು. ಹಂದಿ ಕುಳಿತರೆ ನಾಲ್ಕು ಜನರಿಂದಲೂ ಎಬ್ಬಿಸಲಾಗದು. ಲಾರಿಯವನು ಹೊತ್ತಾಯಿತೆಂದು ಗೊಣಗಿದ, ಆಳು ಪ್ಲಾಸ್ಟಿಕ್ ಪೈಪು ತೆಗೆದುಕೊಂಡ.

"ಹೊಡೀಬೇಡಪ್ಪಾ" ಎಂದೆ. ಕನ್ನಡದಲ್ಲೇ ಬಂತು, ಅವನಿಗೆ ಅರ್ಥವಾಗಲಿಲ್ಲ.

ಅವನು ಕೈ ಎತ್ತಿದ. ನಾನು ಲಾರಿಯ ಕಂಬಿಯ ಹೊರಗೆ ನಿಂತವನು ಯೋಚಿಸದೆ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಟಕ್ ಟಕ್ ಮಾಡಿ, "ಬಾರೇ ಬಾ ಬಾ ಬಾ" ಎಂದೆ. ನಾವು ಮೇವು ಹಾಕುವಾಗ ದಿನಾ ಕೂಗುತ್ತಿದ್ದುದು ಅದು. ಅದರ ಕಿವಿ ನಿಮಿರಿತು. ಎದ್ದಿತು. ಇಳಿಜಾರನ್ನು ಒಬ್ಬರೂ ಮುಟ್ಟದೆ ತಾನೇ ಹತ್ತಿ, ಉಳಿದ ಐದನ್ನು ಒತ್ತಿ ಸರಿಸಿ, ನಾನು ನಿಂತ ಕಡೆಗೆ ನೇರ ಬಂದು ಕಂಬಿಯ ಸಂದಿಯಿಂದ ಮೂತಿ ಹೊರಹಾಕಿತು. ನನ್ನ ಅಂಗೈಯನ್ನು ಮೂಸಿತು. ಅಂಗೈಯಲ್ಲಿ ಏನೂ ಇರಲಿಲ್ಲ. ಹಿಂದೆ ಲಾರಿಯ ಬಾಗಿಲು ಮುಚ್ಚಿದ ಸದ್ದು ಕೇಳಿತು.

ಆನಿ ಬೇಲಿಯ ಒಳಗಿನಿಂದ ನೋಡುತ್ತಿದ್ದರು. ಲಾರಿ ರಬ್ಬರ್ ತೋಟದ ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ಕರೆಯಬಾರದಿತ್ತು ಎಂದು ಒಮ್ಮೆ, ಕರೆಯದಿದ್ದರೆ ಏಟು ತಿನ್ನುತ್ತಿತ್ತಲ್ಲ ಎಂದು ಇನ್ನೊಮ್ಮೆ ಅನಿಸಿತು. ಯಾವುದು ಸರಿ ಎಂದು ಈಗಲೂ ತಿಳಿದಿಲ್ಲ.

ಹನ್ನೊಂದೂವರೆಯ ರೈಲಿನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕಿತು. ವರ್ಕಲ ದಾಟುವಾಗ ಸುನೀತಾ ಫೋನು ಮಾಡಿದಳು.

"ನೋಡಿದ್ರಾ?"

"ನೋಡ್ದೆ. ಚೆನ್ನಾಗಿ ಸಾಕಿದಾರೆ."

"ನಿಮ್ಮ ಗುರುತು ಹಿಡೀತಾ?"

ಕಿಟಕಿಯ ಆಚೆ ಕಡಲು ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಅವಳಿಂದ ನಾನು ಮುಚ್ಚಿಟ್ಟದ್ದೇನೂ ಇರಲಿಲ್ಲ.

"ಇಲ್ಲ ಕಣೇ" ಎಂದೆ. "ಹಂದಿಗೆ ಅದೆಲ್ಲ ಎಲ್ಲಿ ನೆನಪಿರುತ್ತೆ."